ಗಂಗಕ್ಕನ ಗ್ಯಾಸ್ ಕಾರಿನ ತೂಕ

ನಮ್ಮೂರಿನಲ್ಲಿ ಜನ ಯಾವುದಕ್ಕೆ ಹೆದರುತ್ತಾರೋ ಅದು ಭಾರವಾಗುತ್ತದೆ. ಹೊರಗಿನವರಿಗೆ ಇದನ್ನು ಹೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ನೋಡಲಿ, ಅದರಿಂದ ನಮಗೇನೂ ತೊಂದರೆಯಿಲ್ಲ. ನಾವು ಹುಟ್ಟಿದಾಗಿನಿಂದ ಇದರ ಜೊತೆಗೇ ಬದುಕಿದ್ದೇವೆ. ಠಾಣೆಯ ಸಬ್‌ಇನ್ಸ್‌ಪೆಕ್ಟರಿಗೆ ಚಪ್ಪಡಿ ಕಲ್ಲಿನ ಕುರ್ಚಿ ಮಾಡಿಸಿಕೊಟ್ಟಿದ್ದೇವೆ, ಮರದ್ದು ತಾಳುವುದಿಲ್ಲ. ಮಕ್ಕಳಿಗೆ ಸೂಜಿ ಚುಚ್ಚುವ ದಿನ ಆ ಸೂಜಿ ಎತ್ತುವುದಕ್ಕೆ ಇಬ್ಬರು ನರ್ಸಮ್ಮಂದಿರು ಬೇಕು. ಹುಣಸೆ ಮರದಲ್ಲಿದ್ದ ದೆವ್ವ ಕೊಂಬೆ ಮುರಿದುಕೊಂಡು ಬಿದ್ದು ಎಷ್ಟೋ ಕಾಲವಾಯಿತು. ಪಾಪ, ಮೇಲೆ ಹತ್ತಲಾರದೆ ಬುಡದಲ್ಲೇ ಕೂತಿರುತ್ತದೆ. ಹೋಗಿಬರುವವರು ಮಾತಾಡಿಸಿ ಮಾತಾಡಿಸಿ ಈಗೀಗ ಕೊಂಚ ಹಗುರವಾಗಿದೆಯಂತೆ. ಲೆಕ್ಕದ ಮೇಷ್ಟ್ರು ರಿಟೈರಾದ ಮಾರನೆಯ ದಿನ ಕೊಡೆ ಬಿಚ್ಚಿ, ಆ ಗಾಳಿಗೆ ಬೇಲಿ ದಾಟಿ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಒಂದು ವಿಷಯ. ಎದುರಿಗಿದ್ದು ಹೆದರಿದರೆ ಮಾತ್ರ ಲೆಕ್ಕ. ಮನೆಯಲ್ಲಿ ಹೊದ್ದು ಮಲಗಿ ಎಷ್ಟು ಹೆದರಿದರೂ ಯಾವುದಕ್ಕೂ ತೂಕ ಬರುವುದಿಲ್ಲ.

ಹೀಗಾಗಿ ಏನನ್ನೇ ಆಗಲಿ ಮೊದಲು ಎತ್ತಿ ನೋಡುವುದು ನಮ್ಮ ಪದ್ಧತಿ. ಹಗುರವಿದ್ದರೆ ಒಳ್ಳೆಯದು, ಭಾರವಿದ್ದರೆ ದೂರ ಇರಬೇಕಾದ್ದು. ಮಗಳಿಗೆ ಗಂಡು ನೋಡಲು ಹೋದವರು ಹುಡುಗನನ್ನು ಬಿಟ್ಟರೂ ಹುಡುಗನ ತಾಯಿಯನ್ನು ಏನಾದರೊಂದು ನೆಪ ಮಾಡಿ ಒಮ್ಮೆ ಎತ್ತಿ ನೋಡಿಯೇ ಬರುತ್ತಾರೆ. ಈ ಪದ್ಧತಿಯಿಂದಾಗಿಯೇ ಪೆಟ್ರೋಲ್ ನಮ್ಮೂರಿನಲ್ಲಿ ಬಲು ಸಾಧು ಅನ್ನಿಸಿಕೊಂಡಿತ್ತು. ತಾತನ ಕಾಲದಿಂದ ಬಳಸಿದ ಪದಾರ್ಥ, ಅದಕ್ಕೆ ಯಾರು ಹೆದರುತ್ತಾರೆ? ತುಂಬಿದ ಕ್ಯಾನು ಮಲ್ಲಿಗೆ ಮೊಗ್ಗಿನ ಬುಟ್ಟಿಯಷ್ಟು ಹಗುರ. ಜನ ಅದನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿ ಅಡುಗೆಮನೆಯ ಗೂಡಿನಲ್ಲಿ ತುಪ್ಪದ ಪಕ್ಕ ಇಡುತ್ತಿದ್ದರು. ಕೈಗೆ ಗ್ರೀಸ್ ಹತ್ತಿದರೆ ಅದರಲ್ಲೇ ತೊಳೆದು, ಹಾಗೇ ಹೋಗಿ ಒಲೆ ಹಚ್ಚುತ್ತಿದ್ದರು.

ನನ್ನ ಹೆಂಡತಿ ಸಿದ್ದಗಂಗಮ್ಮ, ಊರಿಗೆಲ್ಲ ಗಂಗಕ್ಕ, ಟ್ಯಾಕ್ಸಿ ಓಡಿಸುತ್ತಾಳೆ. ಕೆಳಗೆ ಪೇಟೆ, ಮೇಲೆ ಕೋಟೆ, ನಡುವೆ ಎದೆಗೆ ಬಂದು ಒದೆಯುವಂಥ ಏರು. ಬಸ್ಸು ಹತ್ತುವುದಿಲ್ಲ. ಟ್ಯಾಕ್ಸಿಯವರೇ ಜನರನ್ನು ಹತ್ತಿಸಿ ಇಳಿಸಬೇಕು. ಅವಳು ಓಡಿಸುತ್ತಿದ್ದಳು, ನಾನು ಸ್ಟ್ಯಾಂಡಿನಲ್ಲಿ ನಿಂತು "ಕೋಟೆ, ಕೋಟೆ, ಇನ್ನೊಂದೇ ಸೀಟು" ಅಂತ ಕೂಗುತ್ತಿದ್ದೆ. ಕಾರು ಖಾಲಿಯಿದ್ದರೂ ಇನ್ನೊಂದೇ ಸೀಟು ಅನ್ನುವುದು ನನ್ನ ರೂಢಿ.

ಹೆದ್ದಾರಿಯ ಪಕ್ಕದಲ್ಲಿ ಸಿಎನ್‌ಜಿ ಗ್ಯಾಸ್ ಬಂಕ್ ಶುರುವಾದಾಗ ಅವಳು ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಜಿಲ್ಲಾ ಕೇಂದ್ರಕ್ಕೆ ಹೋಗಿ, ಸರ್ಕಾರದ ಒಪ್ಪಿಗೆಯಿರುವ ಅಂಗಡಿಯಲ್ಲಿ ಗ್ಯಾಸ್ ಕಿಟ್ ಹಾಕಿಸಿ, ಡಿಕ್ಕಿಯಲ್ಲಿ ಒಂದು ಸಿಲಿಂಡರ್ ಕೂರಿಸಿಕೊಂಡು ಬಂದಳು. ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಡಬ್ಬವೂ ಇತ್ತು. ಹೆದ್ದಾರಿಯಲ್ಲಿ ಕಾರು ಹಕ್ಕಿಯ ಹಾಗೆ ಬಂತಂತೆ. ಊರ ಬಾಗಿಲು ದಾಟಿ, ಸ್ಟ್ಯಾಂಡಿನಲ್ಲಿ ನಿಂತು, ನಾಲ್ಕು ಜನ ಡಿಕ್ಕಿಯೊಳಗೆ ಇಣುಕಿದ್ದೇ ತಡ, ಹಿಂದಿನ ಟೈರುಗಳು ಉಸ್ಸೆಂದು ಅರ್ಧಕ್ಕೆ ಕೂತವು.

ಸ್ಟ್ಯಾಂಡಿನ ಯಜಮಾನ ಮುದ್ದುರಂಗಯ್ಯ ಬೀಡಿ ಹಚ್ಚಿಕೊಂಡು ಬಂದರು. ಅವರದು ಬಿಳಿ ಕಾರು, ಬಿಳಿ ಮೀಸೆ, ಎರಡಕ್ಕೂ ದಿನಾ ಎಣ್ಣೆ.

"ಏನಮ್ಮಾ ಗಂಗಕ್ಕ, ಡಿಕ್ಕೀಲಿ ಬಾಂಬ್ ಇಟ್ಕೊಂಡು ಬಾಡಿಗೆಗೆ ಬಂದ್ಯಾ?"

"ಬಾಂಬಲ್ಲ ಮುದ್ರಂಗಣ್ಣ, ಗ್ಯಾಸು. ಮುಟ್ಟಿ ನೋಡಿ, ಎಷ್ಟು ದಪ್ಪ ಉಕ್ಕು. ನಿಮ್ಮ ಪೆಟ್ರೋಲ್ ಟ್ಯಾಂಕು ಬಿಸ್ಕತ್ ಡಬ್ಬದ ತಗಡು. ಇದು ಅಕಸ್ಮಾತ್ ಲೀಕಾಯ್ತು ಅಂತಲೇ ಇಟ್ಕೊಳ್ಳಿ, ಕೊಳೆತ ಮೊಟ್ಟೆ ಥರ ನಾರುತ್ತೆ, ಆಗಲೇ ಗೊತ್ತಾಗುತ್ತೆ. ಗಾಳಿಗಿಂತ ಹಗುರ ನೋಡಿ, ಬಯಲಲ್ಲಿದ್ರೆ ಮೇಲಕ್ಕೆ ಹೊಂಟೋಗುತ್ತೆ. ಪೆಟ್ರೋಲ್ ಚೆಲ್ಲಿದ್ರೆ ಎಲ್ಲಿಗೂ ಹೋಗಲ್ಲ. ಅದರ ಆವಿ ನೆಲ ಹಿಡ್ಕೊಂಡು ಬೆಂಕಿ ಎಲ್ಲಿದೆ ಅಂತ ಹುಡುಕ್ಕೊಂಡು ಹೋಗುತ್ತೆ."

"ಗಾಳಿಗಿಂತ ಹಗುರ?"

"ಹೂಂ ಮತ್ತೆ."

"ಹಂಗಾದ್ರೆ ಎತ್ತು ನೋಡಾಣ."

ಸಿಲಿಂಡರ್ ಬಿಚ್ಚಿ ಎತ್ತುವುದಕ್ಕೆ ಹಮಾಲರ ಒಂದು ಗುಂಪೇ ಬಂತು. ಹೆಗಲು ಕೊಟ್ಟರು, ಉಸಿರು ಬಿಗಿಹಿಡಿದರು, ಅವರಲ್ಲೊಬ್ಬನ ಪಂಚೆ ಬಿಚ್ಚಿತು. ಸಿಲಿಂಡರ್ ಮಿಸುಕಲಿಲ್ಲ. ಮುದ್ದುರಂಗಯ್ಯ ತಮ್ಮ ಡಿಕ್ಕಿಯಿಂದ ಪೆಟ್ರೋಲ್ ಕ್ಯಾನು ತೆಗೆದು ಕಿರುಬೆರಳಿಗೆ ನೇತುಹಾಕಿಕೊಂಡು, ಬಾಯಲ್ಲಿ ಬೀಡಿ ಇಟ್ಟುಕೊಂಡೇ ಒಂದು ಸುತ್ತು ಹಾಕಿದರು.

"ನೋಡ್ರಪ್ಪ, ಇದು ಹೂವು. ಅದು ಬಂಡೆ. ನಾನು ಹೇಳೋದೇನಿದೆ?"

ಸಿಲಿಂಡರ್ ಇನ್ನಷ್ಟು ಭಾರವಾಯಿತು.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ಬೆಳಗಿನ ಜಾವ ರಸ್ತೆಯಲ್ಲಿ ಯಾರೂ ಇಲ್ಲದಾಗ ಕಾರು ಏರನ್ನು ಗಾಳಿಪಟದಂತೆ ಹತ್ತುತ್ತಿತ್ತು. ಆದರೆ ಯಾರೂ ಇಲ್ಲದ ಹೊತ್ತಿನಲ್ಲಿ ಬಾಡಿಗೆಯೂ ಇರುವುದಿಲ್ಲ. ಜನ ಎದ್ದು ಬೀದಿಗೆ ಬಂದರೆ ಕಾರು ತೆವಳುತ್ತಿತ್ತು. ಪೇಟೆಯಲ್ಲಿ ಹತ್ತಿದವರು ಹರಟೆ ಹೊಡೆಯುತ್ತ ಕೂರುವರು. ಅರ್ಧ ಏರಿನಲ್ಲಿ, ಹಿಟ್ಟಿನ ಗಿರಣಿಯ ಹತ್ತಿರ, ಬೆನ್ನ ಹಿಂದೆ ಏನಿದೆ ಅಂತ ಅವರಿಗೆ ನೆನಪಾಗುವುದು. ಅಷ್ಟೇ, ಕಾರು ನಿಂತಿತು. ಇಳಿದು ತಳ್ಳಿ ಅಂದರೆ ಸಿಲಿಂಡರಿಗೆ ಮುಖ ಕೊಟ್ಟು ತಳ್ಳಬೇಕು, ತಳ್ಳುತ್ತ ತಳ್ಳುತ್ತ ಇನ್ನೂ ಹೆದರುವರು. ಗಿರಣಿಯ ಮುಂದೆ ಡಬ್ಬ ಹಿಡಿದು ನಿಂತ ಹೆಂಗಸರು "ಅಯ್ಯೋ ಅಯ್ಯೋ" ಅನ್ನುವರು. ಒಮ್ಮೆ ಒಂದೊಂದು "ಅಯ್ಯೋ"ಗೂ ಕಾರು ಒಂದೊಂದು ಗೇಣು ಹಿಂದೆ ಜಾರಿದ್ದುಂಟು.

ನಮ್ಮಲ್ಲಿ ಇದಕ್ಕೊಂದು ಶಾಸ್ತ್ರವಿದೆ, ಒರಗು ಊಟ ಅಂತ. ಮನೆಗೆ ಹೆದರಿಕೆಯ ವಸ್ತು ಬಂದರೆ ನೆಂಟರಿಷ್ಟರನ್ನು ಕರೆದು, ಅದಕ್ಕೆ ಬೆನ್ನು ಒರಗಿಸಿ ಕೂರಿಸಿ, ಹೊಟ್ಟೆ ತುಂಬ ಊಟ ಹಾಕುವುದು. ಒರಗಿ ಉಂಡ ಮೇಲೆ ಹೆದರಿಕೆ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ನನ್ನ ಭಾಮೈದ ಪೊಲೀಸಿಗೆ ಸೇರಿದಾಗ ಅವನಿಗೂ ಹೀಗೇ ಒರಗಿ ಪಾಯಸ ಕುಡಿದಿದ್ದೆವು. ಗಂಗಾ ಕಾರನ್ನು ಬಯಲಲ್ಲಿ ನಿಲ್ಲಿಸಿ, ಡಿಕ್ಕಿ ತೆರೆದು, ಚಿತ್ರಾನ್ನ ಹೋಳಿಗೆ ಮಾಡಿ ಕರೆದಳು. ಬಂದವರು ಅವಳ ಸೋದರತ್ತೆ ಹೊಂಬಾಳಮ್ಮ ಒಬ್ಬರೇ. ಅವರು ಸಿಲಿಂಡರಿಗೆ ಒರಗಿ ಕೂತು, ಎರಡೆರಡು ಸಲ ಬಡಿಸಿಕೊಂಡು, "ತಣ್ಣಗೆ ಚೆನ್ನಾಗಿದೆ ಕಣೇ, ಬೆನ್ನುನೋವಿಗೆ ಹಿತವಾಯ್ತು" ಅಂದರು. ತೂಕ ಇಳಿಯಿತು ನಿಜ. ಆದರೆ ಹೊಂಬಾಳಮ್ಮನ ಪಾಲಿನದು ಮಾತ್ರ.

ಅಷ್ಟರಲ್ಲಿ ಬ್ರೇಕ್ ಇನ್ಸ್‌ಪೆಕ್ಟರು ಬರುವ ದಿನ ಹತ್ತಿರವಾಯಿತು. ವರ್ಷಕ್ಕೊಮ್ಮೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಎಲ್ಲರೆದುರು ಏರು ಹತ್ತಿ ತೋರಿಸಬೇಕು. ಹತ್ತದ ಗಾಡಿಯ ಪರ್ಮಿಟ್ ಅಲ್ಲಿಗೆ ಮುಗಿಯಿತು, ಮತ್ತೆ ಸ್ಟ್ಯಾಂಡಿಗೆ ಕಾಲಿಡುವಂತಿಲ್ಲ. ನಮಗಿದ್ದದ್ದು ಅದೊಂದೇ ಗಾಡಿ. ಗಂಗಾಳಿಗೆ ಬರುವುದೂ ಅದೊಂದೇ ಕೆಲಸ. ನನಗೆ ಬರುವುದು ಕೂಗುವುದು, ಕಾರಿಲ್ಲದೆ ಕೂಗಿದರೆ ಆಸ್ಪತ್ರೆಗೆ ಸೇರಿಸುತ್ತಾರೆ.

"ಕಿಟ್ ತೆಗೆಸಿಬಿಡೋಣ ಕಣೇ. ಎಲ್ರ ಹಂಗೆ ಪೆಟ್ರೋಲ್‌ಗೇ ಹೋಗೋಣ," ಅಂದೆ.

"ಯಾಕೆ? ಕೆಟ್ಟದ್ದು ಅಂತಲಾ?"

"ಭಾರ ಅಂತ."

"ಭಾರ ಅದರದ್ದಲ್ಲ ಕಣ್ರೀ, ಇವರದ್ದು. ಇವರದ್ದನ್ನ ನಾನ್ಯಾಕೆ ಬಿಚ್ಚಿಸಲಿ?" ಅಂದು ಕಾರು ಒರೆಸುವ ಬಟ್ಟೆ ಕೊಡವಿ ಹೊರಗೆ ಹೋದಳು. ಆ ಬಟ್ಟೆಯ ಧೂಳೆಲ್ಲ ನನ್ನ ಮೇಲೆ.

ಪರೀಕ್ಷೆಯ ದಿನ ಇಡೀ ಊರು ಏರಿನ ಎರಡೂ ಕಡೆ ಕೊಡೆ, ಕಡಲೆಕಾಯಿ ಹಿಡಿದು ಸೇರಿತು. ಗ್ಯಾಸ್ ಕಾರು ಸಿಡಿಯುವುದನ್ನು ನೋಡಬೇಕು, ಆದರೆ ತಮಗೇನೂ ಆಗಬಾರದು, ಅಂಥ ಜಾಗ ಹುಡುಕಿಕೊಂಡು ನಿಂತರು. ಬ್ರೇಕ್ ಇನ್ಸ್‌ಪೆಕ್ಟರು ಕಡ್ಡಿಯಂಥ ಮನುಷ್ಯ. ಆದರೆ ಡ್ರೈವರುಗಳ ಕಣ್ಣಿಗೆ ಬಿದ್ದಕೂಡಲೇ ಎಮ್ಮೆಯಷ್ಟು ತೂಗುತ್ತಿದ್ದರು. "ನಿಮ್ಮೂರಿಗೆ ಬಂದ್ರೆ ಯಾಕೋ ಕಾಲೇ ಏಳಲ್ಲ, ನೀರಿನ ದೋಷವೇನೋ," ಅಂತ ಪ್ರತಿ ವರ್ಷವೂ ಹೇಳುತ್ತಿದ್ದರು. ನಾವು ಹೌದು ಸಾರ್ ಅನ್ನುತ್ತಿದ್ದೆವು.

ಮೊದಲ ಗಾಡಿ ಮುದ್ದುರಂಗಯ್ಯನವರದು. ಪೆಟ್ರೋಲ್ ಎಷ್ಟು ಹಗುರ ಅಂತ ಊರಿಗೆ ತೋರಿಸಲು ಅವರು ಡಿಕ್ಕಿಯ ತುಂಬ ಪೆಟ್ರೋಲ್ ಬಾಟಲಿ ಜೋಡಿಸಿದ್ದರು. ಹೂವಿನಂಥ ಪದಾರ್ಥಕ್ಕೆ ಮುಚ್ಚಳ ಯಾಕೆ ಅಂತ ಪೇಪರ್ ಸುರುಳಿ ಮಾಡಿ ತುರುಕಿದ್ದರು. ಕಾರು ಇನ್ಸ್‌ಪೆಕ್ಟರನ್ನು ಹೊತ್ತುಕೊಂಡೇ ಸಲೀಸಾಗಿ ಹತ್ತಿ, ಏರಿನ ತುದಿಯಲ್ಲಿ ಮೂತಿ ಮೇಲೆ ಮಾಡಿ ನಿಂತಿತು. ಜನ ಚಪ್ಪಾಳೆ ಹೊಡೆದರು. ಇನ್ಸ್‌ಪೆಕ್ಟರು ಇಳಿದು, ಟಾರಿನಲ್ಲಿ ಹೆಜ್ಜೆ ಮೂಡಿಸುತ್ತ ಕೆಳಗೆ ಬಂದು ಗಂಗಾಳ ಪಕ್ಕ ಕೂತರು.

ಅವಳು ಗೇರು ಹಾಕಿದಳು. ನಾನು ಹಿಂದೆ, ಕೈಯಲ್ಲಿ ಒಂದು ಅಡ್ಡಗಲ್ಲು. ಕಾರು ನರಳುತ್ತ, ನರಳುತ್ತ ಗಿರಣಿಯವರೆಗೆ ಬಂತು. ಅಲ್ಲಿ ಊರಿನ ಕಣ್ಣೆಲ್ಲ ಒಟ್ಟಿಗೆ ಡಿಕ್ಕಿಯ ಮೇಲೆ ಬಿತ್ತು. ಕಡಲೆಕಾಯಿ ಬಿಡಿಸುವುದೂ ನಿಂತಿತು. ಅಷ್ಟು ಜನ ಒಟ್ಟಿಗೆ ಹೆದರಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಹಿಂದಿನ ಬಂಪರು ರಸ್ತೆಗೆ ತಾಗಿತು.

"ರೀ, ಕಲ್ಲು ಕೊಡ್ರೀ!"

ಕೊಟ್ಟೆ. ಟೈರಿಗೂ ಕೊಟ್ಟೆ, ಬೆನ್ನೂ ಕೊಟ್ಟೆ. ಇಂಜಿನ್ನು ಅರಚುತ್ತಿತ್ತು. ಅವಳ ಕಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿತ್ತು. ಕಿಟಕಿಯಿಂದ ಇನ್ಸ್‌ಪೆಕ್ಟರ ದನಿ ಕೇಳಿತು. "ಅಮ್ಮಾ, ಇನ್ನೊಂದು ನಿಮಿಷ ನೋಡ್ತೀನಿ. ಹತ್ತದಿದ್ರೆ ಬರೆದುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ."

"ಬರೀರಿ ಸಾರ್, ನಿಮ್ಮ ಕೆಲಸ. ಪೆನ್ನಿನ ಮುಚ್ಚಳ ಮಾತ್ರ ಈಗಲೇ ತೆಗೀಬೇಡಿ," ಅಂದಳು. ಅವಳ ದನಿ ಒಡೆದಿತ್ತು. ಮದುವೆಯಾದ ಮೇಲೆ ಅದು ಹಾಗಾದದ್ದು ಅದೇ ಮೊದಲು.

ಆಗ ಮೂಗಿಗೆ ಪೆಟ್ರೋಲ್ ವಾಸನೆ ಬಡಿಯಿತು. ಯಾರೋ ಕೈ ತೊಳೆದಿರಬೇಕು ಅಂದುಕೊಂಡೆ. ಬಗ್ಗಿ ನೋಡಿದರೆ ಮೇಲಿನಿಂದ, ರಸ್ತೆಯ ಎಡ ಅಂಚಿನ ಮೋರಿ ಹಿಡಿದು, ಸಣ್ಣ ನೀರಿನ ಹಾಗೆ ಏನೋ ಹರಿದು ಬರುತ್ತಿತ್ತು. ಮುದ್ದುರಂಗಯ್ಯನವರ ಡಿಕ್ಕಿಯಲ್ಲಿ ಬಾಟಲಿಗಳು ಉರುಳಿ, ಪೇಪರ್ ಬಿರಡೆ ನೆಂದು, ಸೋರಿ ಬರುತ್ತಿದ್ದ ಪೆಟ್ರೋಲದು. ಮುದ್ದುರಂಗಯ್ಯ ತಮ್ಮ ಕಾರಿನಿಂದ ನಾಲ್ಕು ಮಾರು ಕೆಳಗೆ, ಮೋರಿಯ ಕಟ್ಟೆಯ ಮೇಲೆ ನಿಂತು ನಮ್ಮ ಅವಸ್ಥೆ ನೋಡುತ್ತಿದ್ದರು. ಆರಾಮಾಗಿ ಬೀಡಿ ಕಚ್ಚಿದರು, ಕಡ್ಡಿ ಗೀರಿದರು, ಬೀಡಿ ಹಚ್ಚಿ ಕಡ್ಡಿಯನ್ನು ಕಾಲ ಬುಡಕ್ಕೆ ಎಸೆದರು.

ಕಡ್ಡಿ ನೆಲ ಮುಟ್ಟಲೇ ಇಲ್ಲ. ಅದಕ್ಕೂ ಮೊದಲೇ ಭುಸ್ಸಂತ ಒಂದು ಸದ್ದು. ಮೋರಿ ಮೇಲಕ್ಕೂ ಹೊತ್ತಿತು, ಕೆಳಕ್ಕೂ ಹೊತ್ತಿತು. ಬೆಂಕಿ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಜನರ ಕಾಲಿನ ಕಡೆಗೆ ಓಡಿ ಬಂತು.

"ಪೆಟ್ರೋಲು! ಅಯ್ಯಯ್ಯೋ, ಪೆಟ್ರೋಲು ಹತ್ಕೊಂಡ್ತು!"

ನಮ್ಮೂರಿನಲ್ಲಿ ಪೆಟ್ರೋಲಿನ ಹೆಸರು ಹಿಡಿದು ಯಾರಾದರೂ ಚೀರಿದ್ದು ಅದೇ ಮೊದಲು. ಊರಿಗೆ ಊರೇ ಕೊಡೆ ಬಿಸಾಕಿ ಬಲಗಡೆಯ ಜಗಲಿಗಳ ಮೇಲೆ ಹತ್ತಿತು. ಎಲ್ಲರ ಕಣ್ಣೂ ಆ ಬೆಂಕಿಯ ಮೇಲೆ. ಗ್ಯಾಸ್ ಕಾರಿನ ನೆನಪು ಒಬ್ಬರಿಗೂ ಇಲ್ಲ. ಬ್ರೇಕ್ ಇನ್ಸ್‌ಪೆಕ್ಟರ ನೆನಪೂ ಇಲ್ಲ.

ನನ್ನ ಬೆನ್ನ ಮೇಲಿದ್ದ ಬಂಡೆಯಂಥ ಭಾರ ತಟಕ್ಕನೆ ಮಾಯವಾಯಿತು. ನಾನು ಅಂಗಾತ ಬಿದ್ದೆ. ಬಿದ್ದಲ್ಲಿಂದಲೇ ನೋಡಿದೆ. ಅಷ್ಟು ಹೊತ್ತು ಆಕ್ಸಿಲರೇಟರ್ ಒತ್ತಿಸಿಕೊಂಡಿದ್ದ ಕಾರು, ಕಟ್ಟು ಬಿಚ್ಚಿದ ಹೋರಿಯ ಹಾಗೆ ಏರಿನ ಬಲ ಅಂಚು ಹಿಡಿದು ಚಿಮ್ಮಿತು. ನಾಲ್ಕೂ ಚಕ್ರ ನೆಲ ಬಿಟ್ಟದ್ದನ್ನು ನಾನು ಕಂಡೆ. ಬೇಕಾದರೆ ಹೊಂಬಾಳಮ್ಮನನ್ನು ಕೇಳಿ. ಕಾರು ಬೆಂಕಿಯನ್ನು ಪಕ್ಕಕ್ಕೆ ಹಾಕಿ, ಮುದ್ದುರಂಗಯ್ಯನವರ ಕಾರನ್ನೂ ದಾಟಿ, ಕೋಟೆಯ ಬಯಲಿಗೆ ಹೋಗಿ ನಿಂತಿತು. ಅದೇ ಹೊತ್ತಿಗೆ ಮುದ್ದುರಂಗಯ್ಯನವರ ಬಿಳಿ ಕಾರು ನಾಲ್ಕೂ ಟೈರು ಪಟಪಟ ಒಡೆದುಕೊಂಡು ಹೊಟ್ಟೆಯ ಮೇಲೆ ಕೂತಿತು. ಹಿಂಭಾಗ ಉರಿಯುತ್ತಿತ್ತು.

ಗಂಗಾ ಬಾಗಿಲು ಒದ್ದು ಇಳಿದಳು. ಮೊದಲು ಸಿಲಿಂಡರಿನ ವಾಲ್ವ್ ತಿರುಗಿಸಿ ಬಂದ್ ಮಾಡಿದಳು, ಆಮೇಲೆ ಕೆಂಪು ಡಬ್ಬ ಎತ್ತಿಕೊಂಡು ಕೆಳಗೆ ಓಡಿದಳು. ಬಾಂಬು ತಂದವಳು ಅನ್ನಿಸಿಕೊಂಡವಳು, ಹೂವಿನ ಕಾರಿನ ಡಿಕ್ಕಿಗೆ ಬಿಳಿ ಪುಡಿ ಎರಚುತ್ತ ನಿಂತಳು. ಕೆಳಗೆ ನಾವು, ಮೋರಿ ರಿಪೇರಿಗೆಂದು ಯಾರೋ ತಂದು ಸುರಿದಿದ್ದ ಮರಳನ್ನು ಬುಟ್ಟಿ, ಬಾಣಲೆ, ಮೊರ, ಕೈಗೆ ಸಿಕ್ಕಿದ್ದರಲ್ಲೆಲ್ಲ ತುಂಬಿ ಹೊಯ್ದೆವು. ಯಾರೋ ಕೊಡ ತುಂಬ ನೀರು ತಂದು ಸುರಿದರು, ಬೆಂಕಿ ನೀರಿನ ಮೇಲೆ ಕೂತು ಇನ್ನೊಂದು ಮನೆಯ ಮುಂದಕ್ಕೆ ಹೋಯಿತು. ಗಿರಣಿಯವನು ಹಿಟ್ಟಿನ ಮೂಟೆ ಎತ್ತಿಕೊಂಡು ಬಂದಾಗ ಅವನ ಹೆಂಡತಿ, "ಅದೂ ಉರಿಯುತ್ತೆ ಕಣೋ ಮಂಕೇ," ಅಂತ ಅಂಗಿ ಹಿಡಿದು ಎಳೆದಳು. ಕೊನೆಗೆ ಮರಳೇ ಗೆದ್ದಿತು.

ಹೊಗೆ ಇಳಿದ ಮೇಲೆ ಎಲ್ಲರೂ ತಮ್ಮ ತಮ್ಮ ಮಕ್ಕಳ ಹೆಸರು ಹಿಡಿದು ಕೂಗಿದರು. ಎಲ್ಲ ಹೆಸರಿಗೂ ಓ ಅನ್ನುವ ದನಿ ಬಂತು. ಒಂದು ಹೆಸರಿಗೆ ಎರಡು ದನಿ ಬಂದವು, ನಮ್ಮೂರಿನಲ್ಲಿ ಆ ಹೆಸರಿನವರು ಇಬ್ಬರಿದ್ದಾರೆ. ಅದನ್ನು ಕೇಳಿ ಯಾರೋ ನಕ್ಕರು. ಆ ನಗು ಏರಿನ ಮೇಲಿಂದ ಕೆಳಗಿನವರೆಗೂ ಹರಿಯಿತು. ಜನ ಅಲ್ಲೇ ರಸ್ತೆಯಲ್ಲಿ ಕಾಲು ಚಾಚಿ ಕೂತು, ಕಣ್ಣೊರೆಸಿಕೊಳ್ಳುತ್ತ ನಕ್ಕರು. ಮುದ್ದುರಂಗಯ್ಯನವರಿಗೆ ಅರ್ಧ ಮೀಸೆಯೊಂದು ಬಿಟ್ಟರೆ ಬೇರೇನೂ ಹೋಗಿರಲಿಲ್ಲ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಕ್ಕುತ್ತಿದ್ದರು.

"ಇಷ್ಟು ವರ್ಷ ಈ ಪೆಟ್ರೋಲನ್ನ ಮಂಚದ ಕೆಳಗೆ ಇಟ್ಕೊಂಡು ಮಲಗಿದ್ದೆ ಕಣಮ್ಮಾ. ಮೊಮ್ಮಕ್ಕಳು ಅಲ್ಲೇ ಆಡ್ತಿದ್ವು."

"ಮಕ್ಕಳು ಚೆನ್ನಾಗಿವೆ ತಾನೇ? ಮತ್ಯಾಕೆ ಅಳ್ತೀರಾ ಮುದ್ರಂಗಣ್ಣ. ತಗೊಳ್ಳಿ, ನೀರು ಕುಡೀರಿ," ಅಂದಳು ಗಂಗಾ. "ಇನ್ನೊಂದರ್ಧ ಮೀಸೇನೂ ತೆಗೆಸಿಬಿಡಿ, ಒಳ್ಳೆ ಹುಡುಗನ ಥರ ಕಾಣ್ತೀರಾ."

ಇನ್ಸ್‌ಪೆಕ್ಟರು ಅವಳ ಹಿಂದೆಯೇ ಗರಿಯ ಹಾಗೆ ತೇಲುತ್ತ ಬಂದರು. "ಅಮ್ಮಾ, ಗಾಡಿ ಹತ್ತಿದ್ದನ್ನ ನಾನು ನೋಡ್ಲಿಲ್ಲ, ಕಣ್ಣು ಮುಚ್ಕೊಂಡಿದ್ದೆ. ಆದ್ರೆ ಈಗ ಮೇಲಿದ್ದೀನಿ, ಅಂದ್ಮೇಲೆ ಹತ್ತಿರಲೇಬೇಕು," ಅಂತ ಹೇಳಿ, ಅಲ್ಲೇ ಬಿಳಿ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಪಾಸ್ ಅಂತ ಬರೆದರು. ಗಂಗಾ ನನ್ನ ತಲೆಯ ಮೇಲಿನ ಮರಳು ಕೊಡವಿದಳು. ನಾನು ಕೂಗದ ದಿನ ಅಂತ ಅದನ್ನು ಊರಿನಲ್ಲಿ ಈಗಲೂ ನೆನೆಸುತ್ತಾರೆ.

ಅವತ್ತು ಸಂಜೆ ಊರಿನ ಅಡುಗೆಮನೆಗಳಲ್ಲೆಲ್ಲ ಗೂಡು ಮುರಿದು ಬಿದ್ದವು. ಒಂದೊಂದು ಪೆಟ್ರೋಲ್ ಬಾಟಲಿಯೂ ಬೀಸುವ ಕಲ್ಲಿನಷ್ಟು ತೂಗಿತು. ಬಿದಿರ ಗಳು ಕಟ್ಟಿ, ಇಬ್ಬಿಬ್ಬರು ಹೆಗಲು ಕೊಟ್ಟು, "ಹುಷಾರು, ಒಲೆ ಆರಿಸ್ರೋ" ಅನ್ನುತ್ತ ಮೆರವಣಿಗೆಯಂತೆ ಎಲ್ಲವನ್ನೂ ಊರಾಚೆಯ ಪೆಟ್ರೋಲ್ ಬಂಕಿಗೆ ಕೊಟ್ಟು ಬಂದರು. ಆಮೇಲೆ ದಿನ ಕಳೆದಂತೆ ಹೆದರಿಕೆ ಒಂದು ಮಟ್ಟಕ್ಕೆ ಇಳಿಯಿತು. ಈಗ ಪೆಟ್ರೋಲ್ ಎತ್ತಲಾಗದಷ್ಟು ಭಾರವಿಲ್ಲ, ಮರೆಯುವಷ್ಟು ಹಗುರವೂ ಇಲ್ಲ. ಅದರ ಪಕ್ಕ ಬೀಡಿ ಹಚ್ಚಲು ಹೋದರೆ ಕೈಯೇ ಮೇಲೇಳುವುದಿಲ್ಲ.

ಆದರೆ ನಮ್ಮವರಿಗೆ ಅತಿ ಮಾಡದೆ ಗೊತ್ತಿಲ್ಲ. ಗ್ಯಾಸಿಗೆ ಹೆದರುವುದನ್ನು ಪೂರ್ತಿ ಬಿಟ್ಟುಬಿಟ್ಟರು. ಗ್ಯಾಸ್ ಬಲು ಒಳ್ಳೆಯದಂತೆ, ಮೇಲಕ್ಕೆ ಹೋಗುತ್ತಂತೆ ಅಂತ ಒಬ್ಬ ಅಡುಗೆ ಸಿಲಿಂಡರಿನಿಂದ ಸ್ಕೂಟರಿಗೆ ರಬ್ಬರ್ ಪೈಪು ಎಳೆಯಲು ಹೋದ. ಇನ್ನೊಬ್ಬ, "ಗಂಗಕ್ಕ, ನಿನ್ನ ಕಾರು ನಮ್ಮ ಶೆಡ್ಡಲ್ಲಿ ನಿಲ್ಲಿಸು, ಬಾಗಿಲು ಕಿಟಕಿ ಎಲ್ಲ ಭದ್ರ ಮುಚ್ಚಿ ಊದುಬತ್ತಿ ಹಚ್ಚಿಡ್ತೀನಿ," ಅಂದ. ಅವಳು ತಲೆ ಚಚ್ಚಿಕೊಂಡಳು.

"ಅಡುಗೆ ಗ್ಯಾಸೇ ಬೇರೆ ಕಣ್ರಪ್ಪ, ಅದು ನೆಲಕ್ಕಿಳಿಯುತ್ತೆ, ಪೆಟ್ರೋಲ್ ಥರಾನೇ. ನನ್ನದು ಮೇಲಕ್ಕೆ ಹೋಗುತ್ತೆ ನಿಜ, ಶೆಡ್ ಮುಚ್ಚಿದ್ರೆ ಎಲ್ಲಿಗೆ ಹೋಗ್ಬೇಕು? ಸೂರಿನ ಕೆಳಗೆ ಕೂತು ನಿಮ್ಮ ಊದುಬತ್ತಿಗೆ ಕಾಯುತ್ತೆ. ಪೆಟ್ರೋಲಿಗಿಂತ ವಾಸಿ ಅಂದೆನೇ ಹೊರತು ಹಾಲು ಅನ್ನಲಿಲ್ಲ. ಒಂಚೂರಾದ್ರೂ ಹೆದರ್ಕೊಳ್ರೋ!"

ಅವರು ನಕ್ಕು, ಅವಳ ಕಾರಿನಲ್ಲೇ ಕೂತು ಕೋಟೆಗೆ ಹೋದರು. ಕಾರು ಈಗ ಎಷ್ಟು ಹಗುರವಾಗಿತ್ತೆಂದರೆ ತಿರುವಿನಲ್ಲಿ ಹಿಂಭಾಗ ನೆಲ ಬಿಟ್ಟು ಬಾಲದ ಹಾಗೆ ಅಲ್ಲಾಡುತ್ತಿತ್ತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಮುಂದಿನ ಚಕ್ರ ನಿಲ್ಲುವುದು, ಹಿಂದಿನದು ಯಾರದೋ ಮನೆಯ ಮಾಳಿಗೆ ನೋಡಿಕೊಂಡು ಬರುವುದು. ಗಾಳಿ ಬೀಸುವ ದಿನ ಅವಳು ಸ್ಟ್ಯಾಂಡಿನಲ್ಲಿ ಕಾರನ್ನು ಹಗ್ಗದಲ್ಲಿ ಕಟ್ಟುತ್ತಿದ್ದಳು. ಡಿಕ್ಕಿಗೆ ಮರಳಿನ ಚೀಲ ಹಾಕಿದರೂ ಪ್ರಯೋಜನವಿಲ್ಲ, ಮರಳಿಗೆ ಯಾರು ಹೆದರುತ್ತಾರೆ?

ಕೊನೆಗೆ ಒಂದು ಬೆಳಿಗ್ಗೆ ಅವಳು ಸ್ಟ್ಯಾಂಡಿಗೆ ಬಂದು, ಕೂಗುತ್ತಿದ್ದ ನನ್ನನ್ನು ತಡೆದಳು.

"ರೀ, ಕೂಗಿದ್ದು ಸಾಕು. ನಾನು ಹೇಳಿದ್ದೆಲ್ಲ ನಿಮಗೆ ಅರ್ಥ ಆಗಿದೆ ತಾನೇ? ವಾಸನೆ ಬಂದ್ರೆ ಏನು ಮಾಡ್ಬೇಕು?"

"ಗಾಡಿ ನಿಲ್ಸಿ, ಕಿಟಕಿ ತೆಗೆದು, ವಾಲ್ವ್ ಬಂದ್ ಮಾಡಿ, ಜನಾನ ಇಳಿಸ್ಬೇಕು. ಸ್ವಿಚ್ ಮುಟ್ಟಬಾರದು."

"ಸಿಲಿಂಡರ್ ಟೆಸ್ಟಿಗೆ?"

"ತಾರೀಕು ದಾಟಿಸಬಾರದು."

"ದಾಟಿಸಿದ್ರೆ?"

ಅದನ್ನು ಯೋಚಿಸಿ ನನಗೆ ಸಣ್ಣಗೆ ಹೆದರಿಕೆಯಾಯಿತು. ಕಾರಿನ ಹಿಂಭಾಗ ಮೆಲ್ಲಗೆ ಕೆಳಗಿಳಿದು, ಎರಡೂ ಟೈರು ನೆಲಕ್ಕೆ ಚೆನ್ನಾಗಿ ಕೂತವು.

"ಹಾಂ, ಇಷ್ಟೇ. ಇದಕ್ಕಿಂತ ಜಾಸ್ತಿ ಬೇಡ, ಕಮ್ಮಿ ಬೇಡ. ಹತ್ತಿ," ಅಂದಳು.

ಅಂದಿನಿಂದ ನಾನು ಹಿಂದಿನ ಸೀಟಿನ ಮೂಲೆಯಲ್ಲಿ, ಸಿಲಿಂಡರಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಪಕ್ಕದವರು ಹರಟೆ ಹೊಡೆಯುತ್ತಾರೆ, ನಿದ್ದೆ ಮಾಡುತ್ತಾರೆ, ಸೊಪ್ಪಿನ ಚೀಲ ನನ್ನ ತೊಡೆಯ ಮೇಲಿಡುತ್ತಾರೆ. ನಾನು ಹದವಾಗಿ ಹೆದರುತ್ತಿರುತ್ತೇನೆ. ಕಾರು ಏರನ್ನೂ ಹತ್ತುತ್ತದೆ, ಇಳಿಜಾರಿನಲ್ಲೂ ನಿಲ್ಲುತ್ತದೆ. ಗಾಳಿ ಜೋರಾದ ದಿನ ಗಂಗಾ ಕನ್ನಡಿಯಲ್ಲಿ ನನ್ನ ಕಡೆ ನೋಡಿ, "ರೀ, ಒಂಚೂರು ಜಾಸ್ತಿ," ಅನ್ನುತ್ತಾಳೆ. ನಾನು ಕಣ್ಣು ಮುಚ್ಚಿ ಒಂಚೂರು ಜಾಸ್ತಿ ಹೆದರುತ್ತೇನೆ. ಕಾರು ನೆಲ ಹಿಡಿಯುತ್ತದೆ.